ಕ್ವೇಕರ್ ಸಮುದಾಯದಲ್ಲಿ ಮನೆ ತಗೋಬಹುದಾ? ಜಾಗ ಎಲ್ಲರದ್ದಂತೆ, ಮನೆ ಮಾತ್ರ ನಮ್ಮದಂತೆ

ಹಳೇಸೈಕಲ್:
ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿದ್ದೀವಿ. ನಾನು, ನನ್ನ ಹೆಂಡತಿ ಬಹಳ ದಿನದಿಂದ ಇಲ್ಲಿನ ಕ್ವೇಕರ್ (ಯುದ್ಧ ಬೇಡ ಅನ್ನೋ ಒಂದು ಕ್ರೈಸ್ತ ಪಂಥ) ಮೀಟಿಂಗ್‌ಗೆ ಹೋಗ್ತಿದ್ದೀವಿ. ಪಾದ್ರಿ ಇಲ್ಲ, ಪ್ರವಚನ ಇಲ್ಲ. ಒಂದು ಗಂಟೆ ಸುಮ್ಮನೆ ಕೂರೋದು, ಯಾರಿಗಾದರೂ ಹೇಳಲೇಬೇಕು ಅನ್ನಿಸಿದರೆ ಎದ್ದು ಎರಡು ಮಾತಾಡಿ ಕೂತ್ಕೊಳ್ಳೋದು. ನಮಗದು ಒಗ್ಗಿದೆ. ಅಲ್ಲಿ ಪರಿಚಯವಾದವರೊಬ್ಬರು ತಮ್ಮ ಸಮುದಾಯದಲ್ಲಿ ಒಂದು ಮನೆ ಮಾರಾಟಕ್ಕಿದೆ, ಬನ್ನಿ ಅಂತಿದ್ದಾರೆ. ಜಮೀನು ಪೂರ್ತಿ ಸಮುದಾಯದ ಹೆಸರಲ್ಲಿ, ನಮಗೆ 99 ವರ್ಷದ ಲೀಸ್. ಹೆಂಡತಿ ತುದಿಗಾಲಲ್ಲಿ ನಿಂತಿದ್ದಾಳೆ. ನಮ್ಮದಲ್ಲದ ಜಾಗದ ಮೇಲೆ ದುಡ್ಡು ಹಾಕೋಕೆ ನನಗೆ ಧೈರ್ಯ ಸಾಲ್ತಿಲ್ಲ. ನಾವು ಕ್ರಿಶ್ಚಿಯನ್ನರೂ ಅಲ್ಲ. ಇಂಥ ಕಡೆ ಇದ್ದವರು ಯಾರಾದರೂ ಇದ್ದೀರಾ?

ಕೆರೆದಂಡೆ:
ನಾನು ಇಂಥದ್ದೇ ಒಂದು ಕಡೆ ಇದ್ದೀನಿ, ಊರು-ಹೆಸರು ಬೇಡ. ಕೊನೇ ಪ್ರಶ್ನೆಗೆ ಮೊದಲು ಉತ್ತರ: ನಮ್ಮಲ್ಲಿ ಅರ್ಧಕ್ಕರ್ಧ ಜನ ಕ್ವೇಕರರೇ ಅಲ್ಲ, ಯಾರೂ ಕೇಳಲ್ಲ.

ಲೀಸ್ ಬಗ್ಗೆ ಅಷ್ಟು ಹೆದರಬೇಡಿ. ನಿಮ್ಮ ರಾಜ್ಯದಲ್ಲೇ ಬ್ರಿನ್ ಗ್ವೆಲೆಡ್ ಅನ್ನೋ ಇಂಥದ್ದೇ ಸಮುದಾಯ ಇದೆ. 1940ರಲ್ಲಿ ಶುರುವಾಗಿದ್ದು, 240 ಎಕರೆ, ಒಂದೊಂದು ಕುಟುಂಬಕ್ಕೆ ಸುಮಾರು 2 ಎಕರೆ ಲೀಸ್. ನಾರ್ತ್ ಕ್ಯಾರೊಲೈನಾದ ಸೆಲೋ ಇನ್ನೂ ಹಳೇದು, 1937ರದ್ದು. ಟೆನೆಸಿ ವ್ಯಾಲಿ ಅಥಾರಿಟಿಯ (ಅಣೆಕಟ್ಟು, ವಿದ್ಯುತ್ ನೋಡಿಕೊಳ್ಳೋ ಅಮೆರಿಕ ಸರ್ಕಾರದ ಸಂಸ್ಥೆ) ಮೊದಲ ಅಧ್ಯಕ್ಷ ಆರ್ಥರ್ ಮಾರ್ಗನ್ ಕಟ್ಟಿದ್ದು. ಎರಡೂ ಇವತ್ತಿಗೂ ನಡೀತಿವೆ.

ನಿಮ್ಮನ್ನ ಸುಸ್ತು ಮಾಡೋದು ಅಲ್ಲಿನ ಬಿಸಿನೆಸ್ ಮೀಟಿಂಗ್, ಅಂದರೆ ಸಮುದಾಯದ ವಿಷಯ ತೀರ್ಮಾನಿಸೋ ಸಭೆ. ಓಟು ಇಲ್ಲ. ಸಭೆ ನಡೆಸೋಕೆ ಕ್ಲರ್ಕ್ ಅಂತ ಒಬ್ಬರಿರ್ತಾರೆ, ಎಲ್ಲರ ಮಾತು ಕೇಳಿ ಸಭೆ ಎತ್ತ ವಾಲ್ತಿದೆ ಅಂತ ಗುರುತಿಸಿ ಅಲ್ಲೇ ಮಿನಿಟ್ (ಸಭೆಯ ನಡಾವಳಿ) ಬರೆದು ಓದ್ತಾರೆ. ಮಾತು ಬಿಸಿಯಾದರೆ ಎಲ್ಲರೂ ಸುಮ್ಮನೆ ಕೂರಬೇಕು. ಸಿಟ್ಟಲ್ಲಿದ್ದಾಗ ಆ ಮೌನ ಎಷ್ಟು ರೇಗಿಸುತ್ತೆ ಅಂತ ಕೂತವರಿಗೇ ಗೊತ್ತು!

ನಮ್ಮ ಹಳ್ಳಕ್ಕೆ ಬೀವರ್‌ಗಳು (ಮರ ಕಡಿದು ನೀರಿಗೆ ಕಟ್ಟೆ ಕಟ್ಟೋ ಪ್ರಾಣಿ) ಅಡ್ಡಕಟ್ಟೆ ಕಟ್ಟಿ ಕೆಳಗಿನ ತರಕಾರಿ ಮಡಿಗಳಿಗೆಲ್ಲ ನೀರು ನುಗ್ಗಿತ್ತು. ಬೋನಿಟ್ಟು ಹಿಡಿಸೋಣ ಅಂತ ಬಹುತೇಕ ಎಲ್ಲರ ಅಭಿಪ್ರಾಯ, ನನ್ನದೂ ಅದೇ. ಒಬ್ಬ ಅಜ್ಜಿ ಒಪ್ಪಲಿಲ್ಲ. ಹಿಡಿದರೆ ಕೊಲ್ತಾರೆ, ನನ್ನ ಮನಸ್ಸಾಕ್ಷಿ ಒಪ್ಪಲ್ಲ ಅಂದರು. ವಿಷಯ ಮುಂದಿನ ತಿಂಗಳಿಗೆ, ಆಮೇಲೆ ಅದರ ಮುಂದಿನ ತಿಂಗಳಿಗೆ ಹೋಯಿತು. ಅಷ್ಟರಲ್ಲಿ ನನ್ನ ಬೆಳ್ಳುಳ್ಳಿ ಪೂರ್ತಿ ಕೊಳೆತು ಹೋಗಿತ್ತು. ಕೊನೆಗೆ ಸಭೆಯಲ್ಲಿ ಬಾಯೇ ಬಿಡದ ಒಬ್ಬರು ಎದ್ದು, ಕಟ್ಟೆಯೊಳಗೆ ದಪ್ಪ ಪೈಪ್ ತೂರಿಸಿ, ನೀರು ಎಳೆಯೋ ತುದಿಗೆ ತಂತಿ ಪಂಜರ ಕಟ್ಟಿದರೆ ಹರಿಯೋ ಸದ್ದು ಬೀವರ್‌ಗೆ ಕೇಳಲ್ಲ, ಅದು ಮುಚ್ಚೋಕೂ ಬರಲ್ಲ ಅಂದರು. ವರ್ಕ್ ಡೇಯಲ್ಲಿ, ಅಂದರೆ ಎಲ್ಲರೂ ಸೇರಿ ಕೆಲಸ ಮಾಡೋ ದಿನ, ಸೊಂಟದ ತನಕ ನೀರಲ್ಲಿ ನಿಂತು ಹಾಕಿದ್ವಿ. ನೀರಿನ ಮಟ್ಟ ಇಳಿಯಿತು, ಬೀವರ್‌ಗಳು ಅಲ್ಲೇ ಇವೆ.

ನೇರಮಾತು:
ಓಟು ಹಾಕಿದ್ದರೆ ಐದು ನಿಮಿಷದ ಕೆಲಸ. ಒಬ್ಬರ ಹಟಕ್ಕೆ ಇಡೀ ಊರು ಕಾಯೋದು ಯಾವ ನ್ಯಾಯ ಸ್ವಾಮಿ?

ಕೆರೆದಂಡೆ:
ಹಟ ಅಂತ ಕಂಡರೆ ಕಾಯಲ್ಲ. "ನನಗೆ ಸಮಾಧಾನ ಇಲ್ಲ, ಆದರೆ ನಿಮ್ಮನ್ನ ತಡೆಯಲ್ಲ" ಅಂತ ಪಕ್ಕಕ್ಕೆ ಸರಿಯೋಕೂ ದಾರಿ ಇದೆ, ಅದನ್ನ ಮಿನಿಟ್‌ನಲ್ಲಿ ಬರೀತಾರೆ. ಓಟಲ್ಲಿ ಸೋತವರು ಇಲ್ಲಿ ಎಲ್ಲಿಗೆ ಹೋಗ್ತಾರೆ, ಪಕ್ಕದ ಮನೇಲೇ ಇರ್ತಾರಲ್ಲ!

ಕೋಸ್ಟರಿಕಾದ ಮೊಂಟೆವೆರ್ದೆ ಅನ್ನೋ ಊರು ಕಟ್ಟಿದವರೂ ಕ್ವೇಕರರೇ. ಸೈನ್ಯಕ್ಕೆ ಹೆಸರು ನೋಂದಾಯಿಸಲ್ಲ ಅಂದಿದ್ದಕ್ಕೆ ಅಲಬಾಮಾದ ಫೇರ್‌ಹೋಪ್‌ನ ನಾಲ್ವರಿಗೆ ಜೈಲಾಯಿತು. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ್ದ ದೇಶ ಹುಡುಕಿಕೊಂಡು 1951ರಲ್ಲಿ ಅಲ್ಲಿಗೆ ಹೋದರು. ಹಸು ಸಾಕಿ ಚೀಸ್ ಮಾಡಿ ಬದುಕಿದವರು. ಹೊಟ್ಟೆಪಾಡಿಗೆ ಹುಲ್ಲುಗಾವಲೇ ಬೇಕಿದ್ದರೂ ನೀರಿನ ಮೂಲ ಉಳೀಲಿ ಅಂತ ಬೆಟ್ಟದ ಮೇಲಿನ 554 ಹೆಕ್ಟೇರ್ ಕಾಡನ್ನ ಮುಟ್ಟದೆ ಬಿಟ್ಟರು. ಒಬ್ಬೊಬ್ಬರ ಹೆಸರಿಗೆ ತುಂಡು ಮಾಡಿ ಹಂಚಿದ್ದರೆ ಅದು ಉಳೀತಿತ್ತು ಅಂತ ನನಗನ್ನಿಸಲ್ಲ.

ಗೇಟಿನಾಚೆ:
ನಾನು ಇಂಥ ಕಡೆಯಿಂದ ಹೊರಗೆ ಬಂದವಳು, ಜಗಳ ಏನೂ ಇಲ್ಲ. ಕೆರೆದಂಡೆ ಅಣ್ಣ ಹೇಳಿದ್ದೆಲ್ಲ ನಿಜ, ಆದರೆ ಹಳೇಸೈಕಲ್ ಅವರೇ, ಒಳಗೆ ಹೋಗೋ ಮುಂಚೆ ಹೊರಗೆ ಬರೋ ದಾರಿ ನೋಡಿಕೊಳ್ಳಿ. ನಮ್ಮ ಮನೆ ಕೊಳ್ಳೋಕೆ ಬಂದವರನ್ನ ಸಮುದಾಯ ಮೊದಲು ಸದಸ್ಯರಾಗಿ ಒಪ್ಪಬೇಕಿತ್ತು. ಅವರು ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳೋದು ಮುಗಿಯೋವರೆಗೆ ನಾವು ಎರಡು ಕಡೆ ಖರ್ಚು ಹೊತ್ವಿ. ಜಾಗ ನಿಮ್ಮದಲ್ಲ ಅಂದರೆ ಕೆಲವು ಬ್ಯಾಂಕ್ ಸಾಲಾನೂ ಕೊಡಲ್ಲ. ಮಾರುವಾಗ ಬೆಲೆ ಯಾರು ಕಟ್ತಾರೆ, ಸೆಪ್ಟಿಕ್ ಟ್ಯಾಂಕ್ ಕೆಟ್ಟರೆ ಯಾರ ಖರ್ಚು, ಪ್ರಾಪರ್ಟಿ ಟ್ಯಾಕ್ಸ್ ಹೇಗೆ ಹಂಚ್ತಾರೆ, ಲೀಸ್ ಪತ್ರದಲ್ಲಿ ಹುಡುಕಿ. ವಕೀಲರಿಗೂ ತೋರಿಸಿ.

ಹಳೇಸೈಕಲ್:
ಬೆಲೆ ಕಟ್ಟೋ ವಿಷಯ ತಲೆಗೇ ಹೊಳೆದಿರಲಿಲ್ಲ ಅಕ್ಕ, ತುಂಬ ಥ್ಯಾಂಕ್ಸ್. ಹೊರಗಿನವರು ಬಿಸಿನೆಸ್ ಮೀಟಿಂಗ್‌ನಲ್ಲಿ ಕೂರಬಹುದಾ?

ಕೆರೆದಂಡೆ:
ಕ್ಲರ್ಕ್‌ಗೆ ಮೊದಲೇ ಹೇಳಿದರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಹಳೇ ಮಿನಿಟ್‌ಗಳನ್ನೂ ಕೇಳಿ ತಗೊಳ್ಳಿ. ಒಂದೇ ವಿಷಯ ವರ್ಷಗಟ್ಟಲೆ ಮತ್ತೆಮತ್ತೆ ಬಂದಿದ್ದರೆ, ಆ ಜಗಳ ಯಾವ ಮನೆಯವರದ್ದು ಅಂತ ವಿಚಾರಿಸಿ. ಮಾರಾಟಕ್ಕಿರೋದು ಅದರ ಪಕ್ಕದ ಮನೆ ಆಗಿರಬಹುದು.