ಊರಾಚೆ ಫ್ಲ್ಯಾಟ್ ಕೊಡ್ತೀವಿ ಅಂತಾರೆ, ಸಹಿ ಹಾಕೋದಾ ಬೇಡ್ವಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನ ಒಬ್ಬ ಯುವಕ

ನಮ್ಮದು ಬೆಂಗಳೂರಿನ ಮಧ್ಯದಲ್ಲೇ ಇರುವ ಹಳೇ ಕೊಳಗೇರಿ. ಅಮ್ಮ, ಚಿಕ್ಕಮ್ಮ ಎಲ್ಲ ಪಕ್ಕದ ಅಪಾರ್ಟ್‌ಮೆಂಟ್‌ಗಳಿಗೆ ಮನೆಗೆಲಸಕ್ಕೆ ಹೋಗುತ್ತಾರೆ. ಗಂಡಸರದು ಗಾರೆ ಕೆಲಸ, ಲೋಡಿಂಗ್. ಹೋದ ತಿಂಗಳು ಯಾರೋ ಬಂದು ಬಾಗಿಲಿಗೆಲ್ಲ ಬಣ್ಣದಲ್ಲಿ ನಂಬರ್ ಬರೆದು ಹೋದರು. ಊರಾಚೆ ಫ್ಲ್ಯಾಟ್ ರೆಡಿ ಇದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ಅರ್ಧ ಜನ ಹೋಗೋಣ ಅಂತಾರೆ, ಇನ್ನರ್ಧ ಜಪ್ಪಯ್ಯ ಅಂದರೂ ಕದಲಲ್ಲ ಅಂತಾರೆ. ಸಂಘ ಅಂತ ಏನೂ ಇಲ್ಲ. ಎಲ್ಲಿಂದ ಶುರು ಮಾಡಬೇಕು, ಕಂಡವರು ಹೇಳಿ.

ಉತ್ತರ: ಊರಾಚೆಗೆ ಹೋದ ಮನೆಗೆಲಸದವರು

ತಮ್ಮಾ, ಸಹಿ ಹಾಕೋದಾ ಬೇಡ್ವಾ ಅನ್ನೋದು ಎರಡನೇ ಮಾತು. ಹಾಕೋ ಮೊದಲು ಏನೇನು ಬರೆಸಿಕೊಳ್ಳಬೇಕು ಅನ್ನೋದು ಮೊದಲ ಮಾತು.

ನಾವು ಫ್ಲ್ಯಾಟ್‌ಗೆ ಹೋದವರು. ಮನೆ ಬಗ್ಗೆ ಸುಳ್ಳು ಹೇಳಲ್ಲ. ಮಳೆ ಬಂದರೆ ಸೋರಲ್ಲ, ಒಳಗೇ ಶೌಚಾಲಯ, ಹೆಣ್ಣುಮಕ್ಕಳು ಕತ್ತಲಾಗೋವರೆಗೆ ಕಾಯಬೇಕಿಲ್ಲ. ಇದನ್ನ ಸಣ್ಣದು ಅನ್ನೋರು ಆ ಕಷ್ಟ ಪಟ್ಟಿಲ್ಲ. ಆದರೆ ನಾನು ಕೆಲಸ ಮಾಡುತ್ತಿದ್ದ ಮನೆಯಲ್ಲಿ ಬೆಳಗ್ಗೆ ಏಳಕ್ಕೆ ಮಕ್ಕಳ ಡಬ್ಬಿ ರೆಡಿ ಇರಬೇಕು. ನಮ್ಮ ಕಡೆಯಿಂದ ಮೊದಲ ಬಸ್ ಹೊರಡುತ್ತಿದ್ದದ್ದೇ ಆ ಹೊತ್ತಿಗೆ. ಮೊದಲು ಶೇರ್ ಆಟೊ ಹಿಡಿದೆವು. ಸಂಬಳದಲ್ಲಿ ಅದೇ ದೊಡ್ಡ ಪಾಲು ತಿಂದುಬಿಟ್ಟಿತು. ಆಮೇಲೆ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಕೆಲವರು ಫ್ಲ್ಯಾಟ್‌ಗೆ ಬೀಗ ಹಾಕಿ ಹಳೇ ಏರಿಯಾದಲ್ಲೇ ಬಾಡಿಗೆ ಶೆಡ್ ಹಿಡಿದರು. ಮನೆ ಕೊಟ್ಟರೂ ಮಾರಿಕೊಂಡು ವಾಪಸ್ ಬರ್ತಾರೆ ಅಂತ ನಮ್ಮ ಜನರನ್ನೇ ಬೈತಾರಲ್ಲ, ಅದರ ಕಾರಣ ಇದು. ಅನ್ನ ಇರುವ ಕಡೆ ಜನ ಇರ್ತಾರೆ.

ಅದಕ್ಕೆ ಹೇಳೋದು, ಮನೆ ಬೇರೆ, ಬಸ್ ಬೇರೆ, ಕೆಲಸ ಬೇರೆ ಅಂತ ಮೂರು ಕಚೇರಿಗೆ ಮೂರು ಸಲ ಅಲೀಬೇಡಿ. ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಅದೂ ಈ ಜಾಗದಲ್ಲಿ ಇರುವಾಗಲೇ ಕೇಳಬೇಕು. ಜಾಗ ಅವರಿಗೆ ಬೇಕು, ಅಷ್ಟು ದಿನ ನಿಮ್ಮ ಮಾತು ಕೇಳುತ್ತಾರೆ. ಖಾಲಿ ಮಾಡಿದ ಮೇಲೆ ಅದೇ ಸಾಹೇಬರ ಬಾಗಿಲಲ್ಲಿ ಬೆಂಚಿನ ಮೇಲೆ ಕೂರಬೇಕು.

ಹೇಗೆ ಅಂದರೆ, ಒಂದು ಗೆರೆ ಹಾಕಿದ ನೋಟ್ ಪುಸ್ತಕ ತಗೊಂಡು ಮನೆಮನೆಗೆ ಹೋಗಿ. ಯಾರು ಕೆಲಸಕ್ಕೆ ಹೋಗುತ್ತಾರೆ, ಯಾವ ಏರಿಯಾಕ್ಕೆ, ಎಷ್ಟು ಹೊತ್ತಿಗೆ ಅಲ್ಲಿರಬೇಕು, ರಾತ್ರಿ ಎಷ್ಟಕ್ಕೆ ವಾಪಸ್, ಮಕ್ಕಳು ಯಾವ ಶಾಲೆ, ರೇಷನ್ ಯಾವ ಅಂಗಡಿ, ಬಿಪಿ ಶುಗರ್ ಮಾತ್ರೆ ಯಾವ ಆಸ್ಪತ್ರೆ. ಇಷ್ಟನ್ನ ಬರೀರಿ. ಬೆಳಗ್ಗೆ ಏಳರೊಳಗೆ ಕೆಲಸದಲ್ಲಿ ಇರಬೇಕಾದವರ ಹೆಸರಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೀರಿ. ಪಕ್ಕದ ಇನ್ನೊಂದು ಏರಿಯಾದ ಹೆಂಗಸರು ನಮ್ಮನ್ನ ನೋಡಿ ಹೀಗೇ ಮಾಡಿದರು. ಸಭೆಯಲ್ಲಿ ಸಾಹೇಬರು ಬಸ್ ಎಲ್ಲ ಬರುತ್ತಮ್ಮ ಅಂದಾಗ, ಒಬ್ಬ ಹುಡುಗಿ ಎದ್ದು ಕೆಂಪು ಗೆರೆ ಹೆಸರುಗಳನ್ನ ಟೈಮ್ ಸಮೇತ ಓದುತ್ತಾ ಹೋದಳು. ಪುಟ ತಿರುಗಿಸಿದಳು, ಮತ್ತೆ ಓದಿದಳು. ಬರುತ್ತೆ ಅಂದಿದ್ದವರು, ಯಾವ ರೂಟ್, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳೋಕೆ ಶುರು ಮಾಡಿದರು.

ಉತ್ತರ: ನಿವೃತ್ತ ಬಸ್ ಕಂಡಕ್ಟರ್

ಅಮ್ಮಾವ್ರು ಹೇಳಿದ್ದಕ್ಕೆ ನನ್ನದೂ ಎರಡು ಮಾತು. ಸುಮ್ನೆ "ಬಸ್ ಬೇಕು" ಅಂತ ಅರ್ಜಿ ಕೊಟ್ಟರೆ ಮಧ್ಯಾಹ್ನ ಹನ್ನೊಂದಕ್ಕೆ ಒಂದು ಟ್ರಿಪ್ ಹಾಕಿ ಕೈ ತೊಳೆದುಕೊಳ್ಳಬಹುದು. ನೀವು ಕೇಳಬೇಕಾದದ್ದು ನೈಟ್ ಹಾಲ್ಟ್ ಬಸ್.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೆಳಗಿನ ಬಸ್ ಡಿಪೋದಿಂದ ಹೊರಟು ನಿಮ್ಮ ಕಡೆಗೆ ಖಾಲಿ ಬರಬೇಕು. ಡೀಸೆಲ್ ದಂಡ, ಟೈಮೂ ದಂಡ. ಅದಕ್ಕೇ ಊರಾಚೆಗೆ ಮೊದಲ ಬಸ್ ಲೇಟು. ಹಾಲ್ಟ್ ಬಸ್ ಆದರೆ ರಾತ್ರಿ ಕೊನೇ ಟ್ರಿಪ್ ನಿಮ್ಮಲ್ಲೇ ಬಂದು ನಿಲ್ಲುತ್ತೆ, ಬೆಳಗ್ಗೆ ಐದಕ್ಕೆ ಅಲ್ಲಿಂದಲೇ ಹೊರಡುತ್ತೆ. ಲೇಟಾಗಿ ವಾಪಸ್ ಬರೋರಿಗೂ ಅನುಕೂಲ, ಬೇಗ ಹೋಗೋರಿಗೂ ಅನುಕೂಲ. ಡಿಪೋದವರು ಹಿಂದೇಟು ಹಾಕೋದು ಒಂದೇ ಕಾರಣಕ್ಕೆ: ಡ್ರೈವರ್ ಕಂಡಕ್ಟರ್ ಎಲ್ಲಿ ಮಲಗಬೇಕು? ಕಲೆಕ್ಷನ್ ದುಡ್ಡು ಬ್ಯಾಗಲ್ಲಿ ಇಟ್ಟುಕೊಂಡು ಬಸ್ಸಲ್ಲೇ ಸೊಳ್ಳೆ ಕಚ್ಚಿಸಿಕೊಂಡು ಮಲಗಿದವನು ನಾನು, ಆ ಕಷ್ಟ ಗೊತ್ತು. ಸಮುದಾಯ ಭವನದಲ್ಲಿ ಚಿಲಕ ಇರೋ ಒಂದು ರೂಮು, ಒಂದು ಫ್ಯಾನು, ಬಚ್ಚಲು ಕೊಡ್ತೀವಿ ಅಂತ ಅರ್ಜಿಯಲ್ಲೇ ಬರೀರಿ. ನಾನು ಕೆಲಸ ಮಾಡಿದ ಒಂದು ರೂಟ್‌ನಲ್ಲಿ ಹಾಲ್ಟ್ ಸಿಕ್ಕಿದ್ದು ಆ ಒಂದು ಸಾಲಿನಿಂದ.

ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಶೂನ್ಯ ಟಿಕೆಟ್ ಕೊಡ್ತಾರೆ. ಫ್ರೀ ಅಲ್ವಾ ಅಂತ ಅದನ್ನ ಬಿಡಬೇಡಿ, ರಶ್ ಇದ್ದರೂ ಕೇಳಿ ತಗೊಳ್ಳಿ. ಆ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುತ್ತೆ. ಯಾವ ರೂಟಲ್ಲಿ ಎಷ್ಟು ಜನ ಹತ್ತಿದರು ಅನ್ನೋದಕ್ಕೂ ಅದೇ ಸಾಕ್ಷಿ. ಟಿಕೆಟ್ ತಗೊಳ್ಳದ ಹೆಂಗಸರು ಲೆಕ್ಕಕ್ಕೇ ಬರಲ್ಲ. ಆಮೇಲೆ ಜನ ಇಲ್ಲ ಅಂತ ಟ್ರಿಪ್ ಕಟ್ ಮಾಡ್ತಾರೆ. ಗಂಡಸರಿಗೆ ಹೇಗೂ ಖರ್ಚು ಇದ್ದೇ ಇದೆ. 2025ರ ಜನವರಿಯಲ್ಲಿ ದರ ಶೇ. 15 ಏರಿತು. ಗಾರೆ ಕೆಲಸದವರ ದಿನದ ಖರ್ಚನ್ನೂ ಆ ಪುಸ್ತಕದಲ್ಲಿ ಬರೆಸಿ.

ಉತ್ತರ: ಗಾರ್ಮೆಂಟ್ಸ್ ಯೂನಿಯನ್‌ನಲ್ಲಿ ಇರುವವರು

ಅರ್ಧ ಜನ ಹೌದು ಅರ್ಧ ಜನ ಇಲ್ಲ ಅಂದೆಯಲ್ಲಪ್ಪ, ನಿನ್ನ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ಯಾರು ಹೋಗೋಣ ಅಂತಿದ್ದಾರೆ, ಯಾರು ಬೇಡ ಅಂತಿದ್ದಾರೆ ನೋಡು. ನಮ್ಮ ಕಡೆ ಒಂದು ಏರಿಯಾದಲ್ಲಿ ಬೇಡ ಅಂದವರಲ್ಲಿ ಬಾಡಿಗೆಯವರೇ ಜಾಸ್ತಿ ಇದ್ದರು. ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ! ಜಾಗದವರಿಗೆ ಫ್ಲ್ಯಾಟ್, ಬಾಡಿಗೆಯವರಿಗೆ ಬೀದಿ. ಹಾಗೇ ಒಂದೇ ಸೂರಿನ ಕೆಳಗೆ ಎರಡು ಮೂರು ಒಲೆ ಇರುತ್ತೆ, ಅಪ್ಪನದೊಂದು, ಮದುವೆಯಾದ ಮಗನದೊಂದು. ಪಟ್ಟಿಯಲ್ಲಿ ಒಂದೇ ನಂಬರ್. ಬಾಗಿಲಿಗೆ ಬರೆದ ನಂಬರ್ ನಂಬಬೇಡಿ, ಒಲೆ ಎಣಿಸಿ. ಬಾಡಿಗೆಯವರ ವೋಟರ್ ಐಡಿ, ಗ್ಯಾಸ್ ಪುಸ್ತಕ, ಮಕ್ಕಳ ಶಾಲೆ ದಾಖಲೆ ಜೆರಾಕ್ಸ್ ಮಾಡಿಸಿ. ಬಾಡಿಗೆಯವರು ಒಳಗೆ ಬರದೆ ಸಂಘ ಕಟ್ಟಿದರೆ ಅದು ಮೊದಲ ದಿನವೇ ಎರಡು ಹೋಳು.

ಸಭೆಗೆ ಟೈಮ್ ಕೂಡ ನೋಡಿಕೋ. ಸಂಜೆ ಆರಕ್ಕೆ ಕರೆದರೆ ಗಂಡಸರು ಬರುತ್ತಾರೆ, ಹೆಂಗಸರು ನೀರು ಹಿಡೀತಾ ಅಡುಗೆ ಮಾಡ್ತಾ ಇರುತ್ತಾರೆ. ರಾತ್ರಿ ಒಂಬತ್ತಕ್ಕೆ ಇಡು, ಇಲ್ಲ ಭಾನುವಾರ ಮಧ್ಯಾಹ್ನ. ಕುರ್ಚಿ ಹಾಕಬೇಡ, ಎಲ್ಲರೂ ಚಾಪೆ ಮೇಲೆ ಕೂರಲಿ. ಕುರ್ಚಿ ಹಾಕಿದರೆ ಅದರಲ್ಲಿ ಕೂತವರೇ ಮಾತಾಡ್ತಾರೆ.

2016ರ ಏಪ್ರಿಲ್ ನೆನಪಿದೆಯಾ? 58 ವರ್ಷ ಆಗೋವರೆಗೆ ಮಾಲೀಕರ ಪಾಲಿನ ಪಿಎಫ್ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕಡೆ ಸಾವಿರಾರು ಜನ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ನಿಯಮ ವಾಪಸ್ ಆಯಿತು. ಯಾವ ಲೀಡರೂ ಕರೆದಿರಲಿಲ್ಲ. ಮಗಳ ಮದುವೆಗೋ ಊರಿನ ಸಾಲಕ್ಕೋ ಅಂತ ನಂಬಿಕೊಂಡಿದ್ದ ದುಡ್ಡು ಅದು, ಪ್ರತಿಯೊಬ್ಬಳಿಗೂ ತನ್ನ ಲೆಕ್ಕ ಗೊತ್ತಿತ್ತು. ನಿಮ್ಮ ಏರಿಯಾದಲ್ಲೂ ಪ್ರತಿಯೊಬ್ಬರಿಗೂ ತನ್ನ ಲೆಕ್ಕ ಗೊತ್ತಾಗಬೇಕು. ಅಕ್ಕ ಹೇಳಿದ ಪುಸ್ತಕ ಸಾಹೇಬರಿಗೆ ಅಲ್ಲ, ಮೊದಲು ನಿಮ್ಮವರಿಗೆ ಓದಿ ಹೇಳಬೇಕು.

ಆದರೆ ಎಲ್ಲವೂ ಎರಡು ದಿನದಲ್ಲಿ ಮುಗಿಯಲ್ಲ. ಪೌರಕಾರ್ಮಿಕರನ್ನ ನೋಡು. ಗುತ್ತಿಗೆ ಪದ್ಧತಿ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದರು. 2022ರ ಜುಲೈನಲ್ಲಿ ರಾಜ್ಯದ ತುಂಬ ಕಸ ಎತ್ತೋದು ನಿಲ್ಲಿಸಿದ ಮೇಲೆ ಸರ್ಕಾರ ಕಾಯಂ ಮಾಡ್ತೀವಿ ಅಂದಿತು. ಬೆಂಗಳೂರಿನ 12 ಸಾವಿರಕ್ಕೂ ಜಾಸ್ತಿ ಜನರಿಗೆ ನೇಮಕಾತಿ ಪತ್ರ ಕೈಗೆ ಬಂದದ್ದು 2025ರ ಮೇ 1ಕ್ಕೆ. ಒಪ್ಪಿದ ಮೇಲೂ ಮೂರು ವರ್ಷ ಬೆನ್ನು ಬಿಡಲಿಲ್ಲ ಅವರು.

ಉತ್ತರ: ಟೈಲ್ಸ್ ಕೆಲಸದವರು

ನಾನು ಸ್ವಲ್ಪ ಬೇರೆ ಹೇಳ್ತೀನಿ. ನನಗೆ ಊರಾಚೆ ಹೋದದ್ದರಿಂದ ನಷ್ಟ ಆಗಲಿಲ್ಲ. ಹೊಸ ಕಟ್ಟಡ ಎಲ್ಲ ಈಗ ಊರಾಚೆಯೇ ಏಳ್ತಿರೋದು, ಕೆಲಸ ಹತ್ತಿರವೇ ಸಿಗುತ್ತೆ. ಹೆಂಡತಿ ಮಾತ್ರ ಕೆಲಸ ಕಳಕೊಂಡಳು. ಬೇಡವೇ ಬೇಡ ಅಂತ ಹಟ ಹಿಡೀಬೇಡಿ. ಹೋಗೋದಾದರೆ ಅಕ್ಕಪಕ್ಕದ ಮನೆಯವರಿಗೆ ಒಂದೇ ಬ್ಲಾಕ್‌ನಲ್ಲಿ ಕೊಡಿ ಅಂತ ಕೇಳಿ. ಲಾಟರಿ ಎತ್ತಿ ಚೆದುರಿಸಿದರೆ ಮಗು ನೋಡಿಕೊಳ್ಳೋಕೆ ಗುರುತಿನವರು ಒಬ್ಬರೂ ಇರಲ್ಲ.

ಉತ್ತರ: ವಕೀಲರು

ಕಾಗದದ ಕೆಲಸ ನಾನು ಹೇಳುತ್ತೇನೆ. ನಿಮ್ಮ ಪ್ರದೇಶ ಘೋಷಿತ ಕೊಳಗೇರಿಯೋ ಅಲ್ಲವೋ ಮೊದಲು ನೋಡಿ. 1973ರ ಕರ್ನಾಟಕ ಕೊಳಗೇರಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಘೋಷಣೆ ಆಗಿರುತ್ತದೆ. ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲಿ ಪಟ್ಟಿ ಸಿಗುತ್ತದೆ. ಜಾಗ ಯಾರದು, ಫ್ಲ್ಯಾಟ್ ಯಾವ ಯೋಜನೆಯದು, ಫಲಾನುಭವಿಗಳ ಪಟ್ಟಿ ಎಲ್ಲಿ, ಇವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೆ ಮಾಹಿತಿ ಕೇಳುವಾಗ ಮಾತ್ರ ಎಲ್ಲವನ್ನೂ ಒಂದರಲ್ಲಿ ತುರುಕದೆ ಬೇರೆ ಬೇರೆ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಕೋರ್ಟ್ ತೀರ್ಪುಗಳ ಬಗ್ಗೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ, ಹಾಗಂತ ಬಿಡಲೂಬೇಡಿ. 1985ರಲ್ಲಿ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂದಿತು. ಮುಂಬೈನ ಫುಟ್‌ಪಾತ್‌ನವರು ಕೆಲಸದ ಹತ್ತಿರ ಇರಬೇಕು ಅಂತಲೇ ಅಲ್ಲಿದ್ದಾರೆ ಅನ್ನುವುದನ್ನು ಒಪ್ಪಿತು. ಆದರೂ ಎಬ್ಬಿಸಲೇಬಾರದು ಅನ್ನಲಿಲ್ಲ. ಮಳೆಗಾಲ ಮುಗಿಯಲಿ ಅಂದಿತು. 2024ರ ನವೆಂಬರ್ 13ರ ತೀರ್ಪಿನಲ್ಲಿ ಕೆಡವುವ ಮೊದಲು 15 ದಿನದ ನೋಟಿಸ್ ಕಡ್ಡಾಯ ಆಯಿತು, ಆದರೆ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಬದಿಯಂಥ ಜಾಗಗಳಿಗೆ ಅದು ಅನ್ವಯಿಸುವುದಿಲ್ಲ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಜಾಸ್ತಿ ಕುಟುಂಬಗಳು ಕೆಲವೇ ದಿನದಲ್ಲಿ ಬೀದಿಗೆ ಬಿದ್ದದ್ದು ಈ ಊರಲ್ಲೇ. ನೋಟಿಸ್ ಬರುವ ಮೊದಲೇ ಕಡತ ರೆಡಿ ಇರಲಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಆದಾಯ ನೋಡುವುದಿಲ್ಲ. 15100ಕ್ಕೆ ಫೋನ್ ಮಾಡಿ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಲೆ ಎಣಿಸೋದು ನಮಗೆ ಹೊಳೆದೇ ಇರಲಿಲ್ಲ. ಈ ಭಾನುವಾರ ಮಧ್ಯಾಹ್ನ ಸಭೆ ಇಟ್ಟಿದ್ದೇವೆ, ಬಾಡಿಗೆಯವರನ್ನೂ ಕರೆದಿದ್ದೇವೆ. ಒಂದು ವಿಷಯ ಕೇಳಬೇಕಿತ್ತು. ಫಲಾನುಭವಿ ವಂತಿಗೆ, ಅಂದರೆ ಫ್ಲ್ಯಾಟ್ ಪಡೆಯುವವರು ಕಟ್ಟಬೇಕಾದ ಪಾಲು ಅಂತ ಒಬ್ಬರು ಮನೆಮನೆಗೆ ಬಂದು ಕ್ಯಾಶ್ ಕೇಳುತ್ತಿದ್ದಾರೆ. ಕೊಡದಿದ್ದರೆ ಹೆಸರು ಹೊಡೀತಾರಂತೆ. ಕೊಡಬೇಕಾ?

ವಕೀಲರು:

ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಂತಿಗೆ ಇರುವುದು ನಿಜವಾಗಿದ್ದರೆ ಎಷ್ಟು, ಯಾವ ಆದೇಶದ ಪ್ರಕಾರ ಅಂತ ಬರವಣಿಗೆಯಲ್ಲಿ ಕೇಳಿ. ಆಮೇಲೆ ಡಿಡಿ ಮೂಲಕ ಇಲಾಖೆ ಹೆಸರಿಗೆ ಮಾತ್ರ ಕಟ್ಟಿ, ರಸೀದಿ ತಗೊಳ್ಳಿ. ಆ ವ್ಯಕ್ತಿ ಮತ್ತೆ ಬಂದರೆ ಐಡಿ ಕಾರ್ಡ್ ತೋರಿಸಿ ಅನ್ನಿ. ಸಭೆಯ ಅರ್ಜಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿ. ಕೊಟ್ಟ ಪ್ರತಿ ಅರ್ಜಿಯ ಜೆರಾಕ್ಸ್ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.