ಅಪ್ಪನ ಹೊಲಕ್ಕೆ ಬ್ಯಾಂಕ್ ನೋಟಿಸ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ಬೋರ್‌ವೆಲ್‌ಗೆ ಅಂತ ಅಪ್ಪ ಹೊಲ ಅಡ ಇಟ್ಟಿದ್ದರು. ಬೆಳೆ ಕೈಕೊಟ್ಟಿತು. ಈಗ ಸರ್ಫೇಸಿ ಕಾಯ್ದೆ (ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾಯ್ದೆ) ಕೆಳಗೆ ನೋಟಿಸ್ ಬಂದಿದೆ, 60 ದಿನದಲ್ಲಿ ಪೂರ್ತಿ ಕಟ್ಟಬೇಕಂತೆ. ಅಪ್ಪ ಊಟ ಬಿಟ್ಟು ಕೂತಿದ್ದಾರೆ.

ಉತ್ತರ: ಮೊದಲು ಅಪ್ಪನಿಗೆ ಧೈರ್ಯ ಹೇಳಪ್ಪಾ. ನಾನು ಬ್ಯಾಂಕ್ ಕೇಸುಗಳನ್ನೇ ನಡೆಸುವ ವಕೀಲ. 2002ರ ಆ ಕಾಯ್ದೆಯ ಸೆಕ್ಷನ್ 31(ಐ) ಕೃಷಿ ಜಮೀನನ್ನು ಹೊರಗಿಟ್ಟಿದೆ. ಆದರೆ ಪಹಣಿ ಒಂದೇ ಸಾಲದು, ನಿಜವಾಗಿ ಉಳುಮೆ ನಡೆಯುತ್ತಿರಬೇಕು. ಬೀಜ, ಗೊಬ್ಬರದ ರಸೀದಿ ಲಗತ್ತಿಸಿ ಲಿಖಿತ ಆಕ್ಷೇಪಣೆ ಕೊಡು. ನಿನ್ನ ಪ್ರತಿಯ ಮೇಲೆ ಬ್ಯಾಂಕಿನ ಸೀಲು, ತಾರೀಕು ಹಾಕಿಸಿಕೋ. 15 ದಿನದೊಳಗೆ ಅವರು ಉತ್ತರ ಕೊಡಲೇಬೇಕು.

ಇನ್ನೊಬ್ಬರು: ಹಾಗಂತ ಸಾಲ ಹೋಗಲ್ಲ, ಅಲ್ವಾ ಸರ್?

ವಕೀಲರು: ಇಲ್ಲ. ಬೇರೆ ದಾರಿಯಲ್ಲಿ ವಸೂಲಿಗೆ ಬರಬಹುದು. ಅದಕ್ಕೇ ಜೊತೆಯಲ್ಲೇ ಒಂದೇ ಕಂತಿನ ತೀರುವಳಿಗೂ, ಅಂದರೆ ಬ್ಯಾಂಕ್ ಒಪ್ಪಿದ ಮೊತ್ತವನ್ನು ಒಮ್ಮೆಗೇ ಕಟ್ಟಿ ಸಾಲ ಮುಗಿಸುವುದಕ್ಕೂ, ಅರ್ಜಿ ಹಾಕು.