28ಕ್ಕೇ ಕೊನೇ ಪಂದ್ಯ: ಇದು ಬರೀ ದುರದೃಷ್ಟನಾ?

ಎಡಗಾಲು_11:
ನಿನ್ನೆ ರಾತ್ರಿ ನಿದ್ದೆ ಬರದೆ ಡಚ್ ಫುಟ್‌ಬಾಲ್ ಸ್ಟ್ರೈಕರ್ ಮಾರ್ಕೊ ವಾನ್ ಬಾಸ್ಟನ್‌ನ ಹಳೇ ಗೋಲುಗಳನ್ನ ನೋಡ್ತಾ ಕೂತಿದ್ದೆ. 1988ರ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಹೊಡೆದದ್ದು ಗೊತ್ತಲ್ಲ? ಗೋಲುಗಂಬದ ಸಂದೇ ಕಾಣದಂಥ ಮೂಲೆಯಿಂದ, ಚೆಂಡು ನೆಲ ಮುಟ್ಟೋಕೆ ಮೊದಲೇ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಮೂರು ಬಾಲನ್ ಡಿ'ಓರ್ ಗೆದ್ದ: 1988, 1989, 1992. ಕೊನೇ ಪಂದ್ಯ 1993ರ ಮೇ ತಿಂಗಳಲ್ಲಿ, ವಯಸ್ಸು ಬರೀ 28. ಆಮೇಲೆ ಎರಡು ವರ್ಷ ಮತ್ತೆ ಆಡ್ತೀನಿ ಅಂತ ಹೆಣಗಾಡಿ 1995ರಲ್ಲಿ ನಿವೃತ್ತಿ ಹೇಳಿದ. ಇನ್ನೊಂದು ಆರು ವರ್ಷ ಆಡಿದ್ದಿದ್ರೆ ಪೆಲೆ, ಮರಡೋನಾ ಆದ್ಮೇಲೆ ಹೇಳೋ ಹೆಸರು ಇವನದೇ ಆಗಿರ್ತಿತ್ತು. ಯಾರಾದ್ರೂ ಇಲ್ಲ ಅಂತೀರಾ?

ಲೆಕ್ಕದ_ಮನುಷ್ಯ:
ನಾನು ಅಂತೀನಿ. "ಆಡಿದ್ದಿದ್ರೆ" ಅನ್ನೋದನ್ನ ಸ್ಕೋರ್‌ಬೋರ್ಡಲ್ಲಿ ಹಾಕಲ್ಲ ಗುರು. ಫ್ರಾನ್ಸಿನ ಜುಸ್ಟ್ ಫೊಂಟೇನ್ 1958ರ ಒಂದೇ ವಿಶ್ವಕಪ್ಪಲ್ಲಿ 13 ಗೋಲ್ ಹೊಡೆದ, ಇವತ್ತಿಗೂ ಯಾರೂ ಮುಟ್ಟಿಲ್ಲ. ಕಾಲು ಎರಡು ಸಲ ಮುರೀತು, 1962ರಲ್ಲಿ 28ಕ್ಕೇ ಆಟ ಬಿಟ್ಟ. ದಾಖಲೆ ಅವನದು ಸರಿ, ಆದ್ರೆ ಅವನನ್ನ ಪೆಲೆ ಪಕ್ಕ ಯಾರು ಕೂರಿಸ್ತಾರೆ? ಇಪ್ಪತ್ತು ವರ್ಷ ಬಾಳಿಕೆ ಬರೋದೂ ಒಂದು ಕೌಶಲವೇ. ಬುಫೋನ್ 45ರವರೆಗೂ ಆಡಿದ, ಸುಮ್ಮನೆ ಆಗಲ್ಲ ಅದು.

ಗೋಲ್‌ಕೀಪರ್_ಭಟ್ರು:
ಬುಫೋನ್ ನಮ್ಮ ಜಾತಿಯವನು ಮಾರಾಯ್ರೆ, ಗೋಲಲ್ಲಿ ನಿಲ್ಲುವವ! ಅವನನ್ನು ಸ್ಟ್ರೈಕರ್‌ಗೆ ಹೋಲಿಸುವುದುಂಟಾ? ಮತ್ತೆ ಕೌಶಲ ಅಂತೀರಲ್ಲ, ಇಂಗ್ಲೆಂಡಿನ ಸ್ಟ್ರೈಕರ್ ಬ್ರಯಾನ್ ಕ್ಲಫ್ ಕಥೆ ನೋಡಿ. ಲೀಗ್‌ನಲ್ಲಿ 274 ಪಂದ್ಯ, 251 ಗೋಲು. 1962ರ ಡಿಸೆಂಬರ್ 26, ಹಿಮಗಟ್ಟಿದ ಮೈದಾನ. ಚೆಂಡಿನ ಹಿಂದೆ ಓಡಿ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದ, ಮೊಣಕಾಲಿನ ಲಿಗಮೆಂಟ್ ಹರಿದುಹೋಯ್ತು. 29ಕ್ಕೆ ಕಥೆ ಮುಗೀತು. ಇದರಲ್ಲಿ ಅವನ ತಪ್ಪೆಂತದ್ದು?

ಫಿಸಿಯೋ_ಅಕ್ಕ:
ಭಟ್ರೇ, ಕ್ಲಫ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಅದು ಒಂದು ಕ್ಷಣದ ಅಪಘಾತ. ಇವತ್ತಾಗಿದ್ರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಆ ಲಿಗಮೆಂಟನ್ನ ಹೊಸದಾಗಿ ಕಟ್ತಾರೆ, ಒಂಬತ್ತು ತಿಂಗಳೋ ಒಂದು ವರ್ಷವೋ ಆದ್ಮೇಲೆ ಎಷ್ಟೋ ಜನ ಮತ್ತೆ ಆಡ್ತಾರೆ.

ಆದರೆ ವಾನ್ ಬಾಸ್ಟನ್‌ದನ್ನ ಅದೇ ಚೀಲಕ್ಕೆ ಹಾಕಬೇಡಿ. ಅವನ ತೊಂದರೆ ಪಾದದ ಗಂಟಲ್ಲಿ, ಶುರುವಾದದ್ದು 1986ರ ಡಿಸೆಂಬರಲ್ಲಿ, ಡಚ್ ಕ್ಲಬ್ ಅಯಾಕ್ಸ್‌ಗೆ ಆಡುವಾಗ. ಆಗ ಕೋಚ್ ಯೋಹಾನ್ ಕ್ರೈಫ್. ಕೆಲವು ಲೀಗ್ ಪಂದ್ಯ, ಅಭ್ಯಾಸ ಬಿಟ್ಟರೂ ಪರವಾಗಿಲ್ಲ, ಯುರೋಪಿನ ಪಂದ್ಯಗಳಿಗೆ ಮಾತ್ರ ಬೇಕು ಅಂತ ಇಬ್ಬರ ನಡುವೆ ಒಪ್ಪಂದ ಆಯ್ತು. ಇದನ್ನ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. 1987ರ ಕಪ್ ವಿನ್ನರ್ಸ್ ಕಪ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಫೈನಲ್ 1-0, ಆ ಒಂದು ಗೋಲು ಇವನದೇ. ಮರು ವರ್ಷ ಇಟಲಿಯ ಕ್ಲಬ್ ಮಿಲಾನ್‌ನಲ್ಲಿ ಬಹುಪಾಲು ಸೀಸನ್ ಹೊರಗೇ ಕೂತ. ಕೀಲಿನ ಒಳಗಿನ ಮೆತ್ತನೆ ಪದರಕ್ಕೆ, ಅಂದ್ರೆ ಕಾರ್ಟಿಲೇಜ್‌ಗೆ, ರಕ್ತನಾಳ ಇರಲ್ಲ. ಸವೆದದ್ದು ತಾನಾಗಿ ತುಂಬಿಕೊಳ್ಳಲ್ಲ. ಕೊನೆಗೆ ಆ ಗಂಟನ್ನೇ ಬೆಸೆದು ಅಲ್ಲಾಡದ ಹಾಗೆ ಮಾಡಬೇಕಾಯ್ತು. ಹಾಗಾಗಿ 28ಕ್ಕೆ ಮುಗೀತು ಅನ್ನೋದಕ್ಕಿಂತ 22ರಿಂದ ಮುಗೀತಾ ಬಂತು ಅನ್ನೋದು ನನ್ನ ಅಭಿಪ್ರಾಯ.

ಮೈದಾನದ_ಮುದುಕ:
ಆಗಿನ ಡಿಫೆಂಡರ್‌ಗಳನ್ನ ಮರೀಬ್ಯಾಡ್ರಿ. ಹಿಂದಿಂದ ಬಂದು ಕಾಲಿಗೇ ಹೊಡೀತಿದ್ರು. 1998ರ ವಿಶ್ವಕಪ್ಪಿಗೆ ಅಂಥಾದ್ದಕ್ಕ ಸೀದಾ ಕೆಂಪು ಕಾರ್ಡ್ ಅಂದ್ರು. ಅಷ್ಟರಾಗ ವಾನ್ ಬಾಸ್ಟನ್ ಮನ್ಯಾಗ ಕುಂತು ಮೂರು ವರ್ಷ ಆಗಿತ್ತು.

ಲೆಕ್ಕದ_ಮನುಷ್ಯ:
ಅಕ್ಕಾ, ನೀವೇ ಹೇಳಿದ್ರಲ್ಲ, ಒಪ್ಪಂದ ಅಂತ. ಒಪ್ಕೊಂಡವನು ಅವನೇ ತಾನೇ? ಕಪ್ ಬೇಕು, ಕಾಲೂ ಬೇಕು ಅಂದ್ರೆ ಹೇಗೆ? ಇಂಗ್ಲೆಂಡಿನ ಡಿಫೆಂಡರ್ ಲೆಡ್ಲಿ ಕಿಂಗ್‌ನ ಮೊಣಕಾಲು ಎಷ್ಟು ಹಾಳಾಗಿತ್ತು ಅಂದ್ರೆ ವಾರವಿಡೀ ತಂಡದ ಜೊತೆ ಅಭ್ಯಾಸವೇ ಮಾಡ್ತಿರಲಿಲ್ಲ, ಸೀದಾ ಪಂದ್ಯಕ್ಕೆ ಇಳೀತಿದ್ದ. ಹಾಗೇ ಸಂಭಾಳಿಸ್ಕೊಂಡು 2012ರವರೆಗೆ ಎಳೆದ. ಅಂದ್ರೆ ತಿಳಿದು ಆಡಿದ್ರೆ ಆಗುತ್ತೆ.

ಬೆಂಚಿನ_ಹುಡುಗ:
ಇಲ್ಲಿ ಯಾವತ್ತೂ ಬರೆದವನಲ್ಲ, ಓದಿ ಹೋಗ್ತಿದ್ದೆ ಅಷ್ಟೆ. ನಾನು ನಾಲ್ಕು ಸೀಸನ್ ಸಂಬಳಕ್ಕೆ ಆಡಿದವನು. ಕ್ಲಬ್ ಹೆಸರು ಬೇಡ. 25ಕ್ಕೆ ಮುಗೀತು.

"ಒಪ್ಕೊಂಡವನು ಅವನೇ" ಅಂದ್ರಿ. ಹೌದು, ನನಗೂ ಯಾರೂ ಬಲವಂತ ಮಾಡಿಲ್ಲ. ಕೋಚ್ ಒಂದೇ ಮಾತು ಕೇಳ್ತಿದ್ರು, "ಆಡ್ತೀಯಾ?" ಕಾಂಟ್ರ್ಯಾಕ್ಟ್ ಮುಗಿಯೋಕೆ ಮೂರು ತಿಂಗಳಿದೆ, ನಮ್ಮ ಜಾಗಕ್ಕೆ 19ರ ಹುಡುಗನೊಬ್ಬ ಪಕ್ಕದಲ್ಲೇ ಶೂ ಲೇಸ್ ಕಟ್ತಿದ್ದಾನೆ. ಆಗ "ಇಲ್ಲ ಸರ್, ನೋವಿದೆ" ಅಂತ ಬಾಯಿಗೆ ಬರಲ್ಲ. ಪಂದ್ಯಕ್ಕೆ ಮುಂಚೆ ಇಂಜೆಕ್ಷನ್, ಆಮೇಲೆ ಐಸ್. ಮೊದಲು ದೊಡ್ಡ ಪಂದ್ಯಗಳಿಗೆ ಮಾತ್ರ ಅಂದ್ಕೊಂಡಿದ್ದೆ. ಎಂಟು ವಾರ ಆದ್ಮೇಲೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನೋ ಲೆಕ್ಕವೇ ತಪ್ಪಿತ್ತು.

ಫಿಸಿಯೋ_ಅಕ್ಕ:
ನೋವು ಅಂದ್ರೆ ಕೀಲು ಕೂಗಿ ಹೇಳೋದು. ಇಂಜೆಕ್ಷನ್ ಆ ಕೂಗನ್ನ ಮುಚ್ಚುತ್ತೆ, ಸವೆತವನ್ನಲ್ಲ. ಒಳಗಿನವಳಾಗಿ ಹೇಳ್ತೀನಿ, ಆಟಗಾರ "ಚೆನ್ನಾಗಿದ್ದೀನಿ" ಅಂದಾಗ ನಂಬೋದು ನಮಗೂ ಸುಲಭವಾಗಿರುತ್ತೆ.

ಗೋಲ್‌ಕೀಪರ್_ಭಟ್ರು:
ಅರ್ಜೆಂಟೀನಾದ ಸ್ಟ್ರೈಕರ್ ಬತಿಸ್ತೂತಾ ನೆನಪಾಯ್ತು. ಅವನದು ಸಣ್ಣ ವೃತ್ತಿಜೀವನ ಅಲ್ಲವೇ ಅಲ್ಲ, 36ರ ತನಕ ಆಡಿದವ. ಬಿಟ್ಟ ಮೇಲೆ ಪಾದದ ನೋವು ತಡೆಯಲಾಗದೆ, ಕಾಲು ಕತ್ತರಿಸಿ ಅಂತ ಡಾಕ್ಟರಲ್ಲಿ ಕೇಳಿಕೊಂಡೆ ಅಂತ ಅವನೇ ಹೇಳಿದ್ದ. ಬಾಳಿಕೆಯನ್ನು ಕೌಶಲ ಅಂದ ಲೆಕ್ಕದವರೇ, ಇದು ಯಾವ ಖಾತೆಗೆ?

ಎಡಗಾಲು_11:
ನನ್ನ ಪೆಲೆ-ಮರಡೋನಾ ಪ್ರಶ್ನೆ ಎಲ್ಲೋ ಕಳೆದೇ ಹೋಯ್ತು, ಹೋಗ್ಲಿ ಬಿಡಿ. ಒಂದು ಮಾತು ಸೇರಿಸ್ತೀನಿ: ಎಲ್ಲಾ ಕಾಲಲ್ಲೇ ಮುಗಿಯಲ್ಲ. ಜರ್ಮನಿಯ ಸೆಬಾಸ್ಟಿಯನ್ ಡೈಸ್ಲರ್ 2007ರಲ್ಲಿ ಬಯರ್ನ್ ಕ್ಲಬ್ಬನ್ನೂ ಆಟವನ್ನೂ ಬಿಟ್ಟಾಗ ವಯಸ್ಸು 27. ಮಂಡಿ ಮೇಲಿಂದ ಮೇಲೆ ಕೈಕೊಡ್ತು, ಜೊತೆಗೆ ಖಿನ್ನತೆ. ಈ ಮಂಡಿ ಮೇಲೆ ನಂಬಿಕೆಯೇ ಹೋಗಿದೆ ಅಂತ ಹೇಳಿ ಹೊರಟ.

ಮೈದಾನದ_ಮುದುಕ:
ಬಿಟ್ಟವ್ರ ಮುಂದಿನ ಬಾಳೇವು ಏನು, ಅದನ್ನೂ ಮಾತಾಡ್ರಿ. ಕ್ಲಫ್ ಮ್ಯಾನೇಜರ್ ಆಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1979, 1980 ಎರಡು ವರ್ಷ ಯುರೋಪಿಯನ್ ಕಪ್ ತಂದ. ನಾರ್ಮನ್ ವೈಟ್‌ಸೈಡ್ 17ಕ್ಕ ವಿಶ್ವಕಪ್ ಆಡಿದಾಂವ, ಮಂಡಿ ಹೋಗಿ 26ಕ್ಕ ಬಿಟ್ಟ, ಆಮ್ಯಾಲೆ ಓದಿ ಪಾದದ ಚಿಕಿತ್ಸಕ ಆದ! ಆದ್ರ ಹೆಸರಿಲ್ಲದ ಸಾವಿರಾರು ಮಂದಿಗೆ ಓದೂ ಇಲ್ಲ, ಉಳಿತಾಯನೂ ಇಲ್ಲ. ನೆದರ್‌ಲ್ಯಾಂಡ್ಸ್‌ನಾಗ ಸಂಬಳದ ಒಂದು ಪಾಲು ನಿಧಿಯೊಳಗ ಹಿಡಿದಿಟ್ಟು, ಆಟ ಬಿಟ್ಟ ಮ್ಯಾಲೆ ಕೊಡ್ತಾರ. ಎಲ್ಲಾ ಕಡೆ ಹಂಗ ಮಾಡ್ಬೇಕು.

ಲೆಕ್ಕದ_ಮನುಷ್ಯ:
ಆ ನಿಧಿ ವಿಷಯ ಒಪ್ತೀನಿ, ಭಟ್ರ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಬೆಂಚಿನ ಹುಡುಗ, ತಪ್ಪು ತಿಳೀಬೇಡಿ, ಒಂದು ಕೇಳ್ತೀನಿ. ಆವತ್ತು "ಆಡಲ್ಲ" ಅಂದಿದ್ದಿದ್ರೆ ಏನಾಗ್ತಿತ್ತು?

ಬೆಂಚಿನ_ಹುಡುಗ:
ತಪ್ಪೇನಿಲ್ಲ, ನಾನೂ ನನ್ನನ್ನ ಕೇಳ್ಕೋತೀನಿ. ಆ 19ರ ಹುಡುಗ ಆವತ್ತೇ ಒಳಗೆ ಬರ್ತಿದ್ದ. ಈಗ ಆರು ತಿಂಗಳು ತಡವಾಗಿ ಬಂದ, ಅಷ್ಟೇ ವ್ಯತ್ಯಾಸ. ಒಳ್ಳೆ ಆಟಗಾರ, ಸುಳ್ಳು ಹೇಳಬಾರದು. ಮೊನ್ನೆ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ, ಇಡೋಕೆ ಮುಂಚೆ ಕೇಳಿದ: "ಅಣ್ಣಾ, ಆ ಇಂಜೆಕ್ಷನ್ ಎಷ್ಟು ಹೊತ್ತು ಕೆಲಸ ಮಾಡುತ್ತೆ?"